ಸೊಂಟದವರೆಗೆ ಕಪ್ಪು

ಬಂಟ್ವಾಳದಲ್ಲಿ ನಾವು ಹಿಡಿದ ಬಾಡಿಗೆ ಮನೆಯ ಗೋಡೆಗಳು ಒಳಗಡೆ ಸೊಂಟದವರೆಗೆ ಕಪ್ಪಾಗಿದ್ದವು. ಹೊಗೆ ಹಿಡಿದ ಕಪ್ಪಲ್ಲ. ಯಾರೋ ಬುದ್ಧಿ ನೆಟ್ಟಗಿದ್ದಾಗಲೇ ದಾರ ಹಿಡಿದು, ಗೆರೆ ಹೊಡೆದು, ಕುಂಚದಿಂದ ಬಳಿಸಿದ ಕಪ್ಪು. ಅದರ ಮೇಲೆ ಮಾಡಿನವರೆಗೆ ಬಿಳಿ ಸುಣ್ಣ. ನನ್ನ ಹೆಂಡತಿ ಗೌರವ್ವ ತಲೆಯ ಮೇಲಿನ ಗಂಟನ್ನೂ ಇಳಿಸದೆ ಹೊಸ್ತಿಲಲ್ಲೇ ನಿಂತಳು.

“ಈ ಮನ್ಯಾಗ ಯಾರ ಸತ್ತಾರ, ಕೇಳ್ರಿ” ಎಂದಳು.

ಕೇಳಿದೆ. ಯಾರೂ ಸತ್ತಿರಲಿಲ್ಲ. ಮನೆಯ ಯಜಮಾನರಾದ ಪೈಗಳು ಮುಂಭಾಗದಲ್ಲಿ ಜೀನಸಿನ ಅಂಗಡಿ ಇಟ್ಟುಕೊಂಡು, ಮಹಡಿಯ ಮೇಲೆ ಸಂಸಾರ ಸಮೇತ ಇದ್ದರು. ನಮಗೆ ಸಿಕ್ಕಿದ್ದು ಅಂಗಡಿಯ ಹಿಂದಿನ ಭಾಗ, ನದಿಯ ಕಡೆಗೆ ಬಾಗಿಲಿರುವ ಎರಡು ಕೋಣೆ. ಪೈಗಳು ಮೊದಲು ಒಂದು ತಟ್ಟೆಯಲ್ಲಿ ಬೆಲ್ಲದ ತುಂಡು, ತಂಬಿಗೆಯಲ್ಲಿ ನೀರು ತರಿಸಿದರು. ಬಂದವರ ಬಾಯಾರಿಕೆ ತೀರುವ ಮುನ್ನ ಮಾತಿಗೆ ಇಳಿಯುವುದು ಇಲ್ಲಿನ ಮರ್ಯಾದೆಯಲ್ಲ. ಅನಂತರ ಪಾಠ ಒಪ್ಪಿಸುವವರಂತೆ ನಿಧಾನವಾಗಿ, “ಇಲ್ಲಿ ಎಲ್ಲರ ಮನೆಯೂ ಹೀಗೆಯೇ ಉಂಟು, ಗುಮಾಸ್ತರೇ. ಮಳೆಗಾಲದಲ್ಲಿ ನದಿ ಒಳಗೆ ಬರ್ತದೆ. ಕೆಳಗೆ ಕಪ್ಪೇ ಒಳ್ಳೆಯದು” ಎಂದರು.

ನಾನು ಹಿಂಬಾಗಿಲಿಗೆ ಹೋಗಿ ನೇತ್ರಾವತಿಯನ್ನು ನೋಡಿದೆ. ಅದು ಮಾಘ ಮಾಸ. ಮೂವತ್ತು ಕಲ್ಲಿನ ಮೆಟ್ಟಿಲುಗಳ ಕೆಳಗೆ, ಮರಳ ದಿಬ್ಬಗಳ ನಡುವೆ, ಬಟ್ಟೆ ಒಗೆಯುವವರ ಅಪ್ಪಣೆ ಕೇಳಿಕೊಂಡು ಹರಿಯುವಂತಿತ್ತು. ಮೂವತ್ತು ಮೆಟ್ಟಿಲು ಹತ್ತಿ ನದಿಯೇ ನೋಡಲು ಬರುವಷ್ಟು ದೊಡ್ಡ ಮನುಷ್ಯ ನಾನಲ್ಲ ಎಂದುಕೊಂಡೆ. ಸುಣ್ಣದ ಖರ್ಚಿಗೆ ಕೈ ಬಿಗಿಹಿಡಿಯುವ ಯಜಮಾನರು ಹೇಳುವ ಮಾತು ಇದು ಎಂದೂ ಅನ್ನಿಸಿತು. ಊರ ಹೊರಗೆ ಹೊಳೆ ಬಂತೆಂದರೆ ಕಾಯಿ ಒಡೆಯುವ ಸೀಮೆಯಲ್ಲಿ ಹುಟ್ಟಿದವನಿಗೆ ಇದಕ್ಕಿಂತ ಹೆಚ್ಚಿನ ಬುದ್ಧಿ ಎಲ್ಲಿಂದ ಬರಬೇಕು?

ನಮ್ಮ ಕಡೆಯ ಓದುಗರಿಗೆ ಹಿನ್ನೆಲೆ ಹೇಳಬೇಕು. ರಾಜ್ಯಗಳು ಒಂದಾದಾಗ ಮುಂಬಯಿ ಸರಕಾರದ ಗುಮಾಸ್ತನಾಗಿದ್ದ ನಾನು ಮಲಗಿದಲ್ಲೇ ಮೈಸೂರಿನವನಾದೆ. ಮದ್ರಾಸಿನ ಕೈಯಲ್ಲಿದ್ದ ಬಂಟ್ವಾಳವೂ ಹಾಗೆಯೇ. ಇಷ್ಟು ದಿನ ಅಗಲಿದ್ದ ಅಣ್ಣತಮ್ಮಂದಿರು ಒಂದಾಗಿದ್ದೇವೆಂದು ಭಾಷಣಗಳಾದವು. ಅದಾಗಿ ಎರಡು ವರ್ಷಕ್ಕೆ, ಒಂದಾದದ್ದಕ್ಕೆ ಸಾಕ್ಷಿಯಾಗಿ ಯಾರನ್ನಾದರೂ ಇಲ್ಲಿಗೆ ಕಳಿಸಬೇಕಿತ್ತು. ನೋಂದಣಿ ಕಚೇರಿಗೆ ನನ್ನನ್ನು ಕಳಿಸಿದರು. ಗದಗಿನಿಂದ ರೈಲು, ಕಡೂರಿನಿಂದ ಬಸ್ಸು. ಚಾರ್ಮಾಡಿ ಘಟ್ಟ ಇಳಿದು ಕಕ್ಕಿಂಜೆಯಲ್ಲಿ ಬಸ್ಸು ನಿಂತಾಗ ಗೌರವ್ವ ಕಣ್ಣು ಬಿಟ್ಟು, ಇಲ್ಲಿ ಆಕಾಶ ಎಲ್ಲಿ ಇಟ್ಟಿದ್ದಾರೆಂದು ಕೇಳಿದಳು. ಸುತ್ತಲೂ ಮರ, ಮರದ ಹಿಂದೆ ಗುಡ್ಡ. ನಮ್ಮಲ್ಲಿ ನಾಲ್ಕು ಹರದಾರಿ ಆಚೆ ಎತ್ತು ತಿರುಗಿದರೆ ಕಾಣುತ್ತದೆ. ಇಲ್ಲಿ ಪಕ್ಕದ ಮನೆ ಕಾಣಬೇಕಾದರೂ ಕೂಗಬೇಕು.

ಅಣ್ಣತಮ್ಮಂದಿರ ಭಾಷೆ ತುಳುವಾಗಿತ್ತು. ಕಚೇರಿಯಲ್ಲಿ ಪುಸ್ತಕದಂಥ ಕನ್ನಡ ಆಡುವವರೇ ಮೆಟ್ಟಿಲು ಇಳಿದೊಡನೆ ತುಳುವಿಗೆ ಜಾರುತ್ತಿದ್ದರು. ನನಗೆ “ಏತ್?” ಎಂದು ಬೆಲೆ ಕೇಳಲು ಬಂದದ್ದು ಒಂದು ತಿಂಗಳಿಗೆ. ಉತ್ತರ ಅರ್ಥವಾದದ್ದು ಮೂರನೆಯ ತಿಂಗಳಿಗೆ. ಗೌರವ್ವನಿಗೆ ಅದೂ ಇಲ್ಲ. ಇಲ್ಲಿನ ಕುಚ್ಚಲಕ್ಕಿಯ ಗಂಜಿ ಕಾಯಿಲೆಯವರ ಊಟವೆಂದು ಅವಳ ತೀರ್ಮಾನ. ಊರಿಂದ ತಂದ ಜೋಳದ ಚೀಲವನ್ನು ಕಪ್ಪು ಗೋಡೆಗೆ ಒರಗಿಸಿಟ್ಟು, ರೊಟ್ಟಿ ತಟ್ಟುತ್ತ, ಆ ಚೀಲದೊಂದಿಗೇ ಮಾತಾಡುತ್ತಿದ್ದಳು.

ಒಂದು ವರ್ಷ ಹೀಗೆ ಕಳೆಯಿತು. ಆ ವರ್ಷದ ಮಳೆಗಾಲದಲ್ಲಿ ನದಿ ಇಪ್ಪತ್ತನೆಯ ಮೆಟ್ಟಿಲಿಗೆ ಬಂದು ಹಿಂದಿರುಗಿತು. ನನ್ನ ಅಭಿಪ್ರಾಯಕ್ಕೆ ಸರಕಾರಿ ಮುದ್ರೆ ಬಿದ್ದಂತಾಯಿತು.

ಮರುವರ್ಷ ಗೌರವ್ವ ಚೊಚ್ಚಲ ಬಸುರಿ. ಹೆರಿಗೆಗೆ ತವರಿಗೆ ಕರೆದೊಯ್ಯಲು ಅವಳ ಅಣ್ಣ ಬಸಪ್ಪ ಬಂದ. ಹೊರಡುವ ಬೆಳಿಗ್ಗೆ ಅವಳು ಗೋಡೆಯತ್ತ ಕೈ ತೋರಿಸಿ ಹೇಳಿದಳು: “ಕೂಸಿನ್ನ ಈ ಕರಿ ಗ್ವಾಡಿ ನಡುವ ತಂದು ಹಾಕೂದಿಲ್ಲ ನಾ. ಇದು ಹಿಂಗ ಇತ್ತಂದ್ರ ನೀವು ರಜಾ ಸಿಕ್ಕಾಗ ಅಲ್ಲೇ ಬಂದು ಮಾರಿ ನೋಡಿ ಹೋಗ್ರಿ.”

ಯಾವ ಬಣ್ಣ ಬೇಕೆಂದು ಕೇಳಿದೆ. ಅವಳು ಯೋಚಿಸಲೇ ಇಲ್ಲ. “ಕುಸುಬಿ ಹೂವಿಂದು. ಮ್ಯಾಲಿಂದ ನೆಲದ ತನ.”

ನಮ್ಮ ಓದುಗರಿಗೆ ವಿವರಿಸಬೇಕಾಗಿಲ್ಲ. ಜೋಳದ ಹೊಲದ ಸುತ್ತ ಬೇಲಿಯಂತೆ ಬಿತ್ತುವ ಕುಸುಬಿ ಸಂಕ್ರಾಂತಿಯ ಹೊತ್ತಿಗೆ ಅರಳಿ, ಹಳದಿಗೂ ಕೆಂಪಿಗೂ ನಡುವೆ ನಿಂತುಬಿಡುತ್ತದಲ್ಲ, ಆ ಬಣ್ಣ. ನಮ್ಮಲ್ಲಿ ಹಬ್ಬಕ್ಕೆ ಮುಂಚೆ ಮನೆಗೆ ಸುಣ್ಣ, ಜಾಜು ಬಳಿಯುವುದು ಹೆಂಗಸರ ಕೆಲಸ. ಜಾಜಿನ ಕೆಂಪು ಪಟ್ಟಿ ಎಷ್ಟು ಅಗಲ, ಎಲ್ಲಿ ನಿಲ್ಲಬೇಕು ಎಂಬುದರಲ್ಲಿ ಗಂಡಸಿಗೆ ಬಾಯಿ ಇಲ್ಲ. ಆದ್ದರಿಂದ ಬಣ್ಣದ ವಿಷಯದಲ್ಲಿ ಗೌರವ್ವನದು ಬೇಡಿಕೆಯಲ್ಲ, ಅಧಿಕಾರ.

ವೈಶಾಖದಲ್ಲಿ ಕೆಲಸಕ್ಕೆ ಇಳಿದೆ. ಮೂಡುಬಿದಿರೆಯಲ್ಲಿ ಬಣ್ಣದ ಪುಡಿಯ ಅಂಗಡಿ ಉಂಟೆಂದು ಕೇಳಿ ಬಸ್ಸು ಹತ್ತಿ ಹೋಗಿ, ಮೂರು ಬಗೆಯ ಹಳದಿ ತಂದು, ಸುಣ್ಣದಲ್ಲಿ ಕಲಸಿ, ಬಿಳಿಯ ಮೇಲೆ ಮೂರು ಮಚ್ಚೆ ಹಾಕಿದೆ. ಬೆಳಿಗ್ಗೆ ನೋಡಿದೆ, ಮಧ್ಯಾಹ್ನ ನೋಡಿದೆ, ಬಾಗಿಲು ಮುಚ್ಚಿ ನೋಡಿದೆ. ಹೈಕೋರ್ಟಿನ ನ್ಯಾಯಾಧೀಶರು ಇದಕ್ಕಿಂತ ಅವಸರದಲ್ಲಿ ಗಲ್ಲಿಗೆ ಹಾಕುತ್ತಾರೆ. ಬೀದಿಯಲ್ಲಿ ಸುದ್ದಿಯಾಗಿ, ಅಂಚೆಯವನು ಒಳಬಂದು ಹಸಿರು ಕಣ್ಣಿಗೆ ತಂಪೆಂದು ಸಾಕ್ಷಿ ನುಡಿದು ಹೋದ. ಪೈಗಳ ಹೆಂಡತಿ ಸುಮತಿಯಮ್ಮ ಮೂರೂ ಮಚ್ಚೆಗಳನ್ನು ದೀರ್ಘವಾಗಿ ನೋಡಿ, ಯಾವುದಾದರೂ ಆಗಬಹುದು, ಸೊಂಟದ ಮೇಲೆ ಎಂದರು. ಕೊನೆಗೆ ಎರಡನೆಯ ಹಳದಿಗೆ ಒಂದು ಹಿಡಿ ಜಾಜು ಸೇರಿಸಿದಾಗ ಕುಸುಬಿ ಬಂತು. ನನ್ನ ಕಣ್ಣಲ್ಲಿ ನೀರೂ ಬಂತು. ಅದು ಸುಣ್ಣದ ಘಾಟು.

ಸುಣ್ಣ ಬಳಿಯುವ ಐತಪ್ಪ ವಾಮದಪದವಿನವನು. ಮೇಲಿನ ಅರ್ಧ ಮುಗಿಸಿ, ಗೆರಟೆ, ಅಂದರೆ ತೆಂಗಿನ ಚಿಪ್ಪನ್ನು ಸುಟ್ಟು ಅರೆದ ಕರಿಯನ್ನು ಕಲಸಲು ಕೂತ. ಬೇಡ, ಕೆಳಗೂ ಹಳದಿಯೇ ಎಂದೆ. ಅವನು ಕುಂಚ ಕೆಳಗಿಟ್ಟ.

“ಕೆಳಗೆ ಬೇಡ ಸ್ವಾಮೀ. ಬೊಳ್ಳ ಬಂದ್ರೆ ಗುರುತು ಹೋಗುದಿಲ್ಲ.”

ಬೊಳ್ಳ ಎಂದರೆ ತುಳುವಿನಲ್ಲಿ ನೆರೆ. ಬಂದರೆ ಮತ್ತೆ ಹಳದಿ ಬಳಿದರಾಯಿತು ಎಂದೆ.

“ಅದು ಒಳಗಿಂದ ಬರ್ತದೆ. ಎಷ್ಟು ಬಳಿದ್ರೂ ಕೆಸರು ಎದ್ದು ಬರ್ತದೆ. ಎಲ್ಲಿವರೆಗೆ ಬಂತೂಂತ ದಿನಾ ನೋಡ್ಲಿಕ್ಕೆ ಆಗ್ತದಾ, ಮಾರಾಯ್ರೆ? ಅದಕ್ಕೇ ಕಪ್ಪು ಮಾಡುದು ನಾವು.”

ನಾನು ಕೇಳಲಿಲ್ಲ. ಅವನು ಬಳಿದ. ಕಪ್ಪಿನ ಮೇಲೆ ಹಳದಿ ಕೂರಲು ಐದು ಸಲ ಬಳಿಯಬೇಕಾಯಿತು. ಆರನೆಯ ದಿನ ಮಧ್ಯಾಹ್ನ ನದಿಯ ಕಡೆಯ ಬಾಗಿಲಿಂದ ಬಿಸಿಲು ಬಿದ್ದಾಗ, ಕೋಣೆ ನಿಜಕ್ಕೂ ನಮ್ಮ ಹೊಲದ ಬದುವಿನಂತಿತ್ತು. ಅದೇ ದಿನ ಊರಿಗೆ ನಾಲ್ಕು ಪುಟದ ಕಾಗದ ಬರೆದೆ. ಗೌರವ್ವನಿಗೆ ಹೆಣ್ಣು ಮಗು ಹುಟ್ಟಿದ ಸುದ್ದಿಯೂ ಬಂತು. ಕಾಗದವನ್ನು ಬಸಪ್ಪ ಓಣಿಯ ಕಟ್ಟೆಯ ಮೇಲೆ ಗಟ್ಟಿಯಾಗಿ ಓದಿದನಂತೆ. ಹೆಂಡತಿಗಾಗಿ ಗೋಡೆಗೆ ಹೊಲದ ಬಣ್ಣ ಹಚ್ಚಿಸಿದ ಗಂಡ ಎಂದು ನನ್ನ ಹೆಸರು ಹಬ್ಬಿತು. ಬೇರೆ ಕಾರಣಕ್ಕೆ ಅದು ಎಂದೂ ಹಬ್ಬಿದ್ದಿಲ್ಲ.

ಆಟಿ ತಿಂಗಳು, ನಮ್ಮ ಲೆಕ್ಕದಲ್ಲಿ ಆಷಾಢ ಕಳೆಯುವ ಹೊತ್ತಿಗೆ, ನಾಲ್ಕು ದಿನ ಬಿಡದೆ ಮಳೆ ಸುರಿಯಿತು. ಐದನೆಯ ಬೆಳಿಗ್ಗೆ ಹಿಂಬಾಗಿಲು ತೆರೆದರೆ ಮೆಟ್ಟಿಲುಗಳಿಲ್ಲ. ನದಿ ಹೊಸ್ತಿಲಲ್ಲಿ ಕೂತಿತ್ತು, ಕರೆಯುವುದನ್ನು ಕಾಯುವವರ ಹಾಗೆ. ನಾನು ಪೆಟ್ಟಿಗೆಯನ್ನು ಹೊತ್ತು ಪೈಗಳ ಮಹಡಿಗೆ ಹತ್ತಿದೆ. ಮಧ್ಯಾಹ್ನಕ್ಕೆ ಪೇಟೆಯ ರಸ್ತೆಯಲ್ಲಿ ದೋಣಿ ಬಂತು. ಬಂಟ್ವಾಳದವರು ಯಾರೂ ಗಾಬರಿಯಾಗಲಿಲ್ಲ. ಅಕ್ಕಿ ಮೂಟೆಗಳು ಆಗಲೇ ಮೇಲಿದ್ದವು. ಸುಮತಿಯಮ್ಮ ನನಗೆ ಮೂರು ದಿನ ಗಂಜಿ, ಉಪ್ಪಿನಕಾಯಿ ಬಡಿಸಿದರು. ಹೇಳಿದ್ದೆವಲ್ಲ ಎಂದು ಒಬ್ಬರೂ ಅನ್ನಲಿಲ್ಲ. ಅಂದಿದ್ದರೆ ಊಟ ಸ್ವಲ್ಪ ಸುಲಭವಾಗಿ ಇಳಿಯುತ್ತಿತ್ತು.

ನೀರು ಇಳಿದ ಮೇಲೆ ಕೆಳಗೆ ಹೋದೆ. ಎದೆಯ ಎತ್ತರಕ್ಕೆ ಕಂದು ಗೆರೆ. ಅದರ ಕೆಳಗೆ ಕುಸುಬಿ ಕರಗಿ, ಹಳೆಯ ಕಪ್ಪು ತೇಪೆತೇಪೆಯಾಗಿ ಮೇಲೆದ್ದಿತ್ತು. ಮೇಲೆ ಮಾತ್ರ ಹಳದಿ ಏನೂ ಆಗದವರಂತೆ ಹೊಳೆಯುತ್ತಿತ್ತು. ಮರೆತುಬಿಟ್ಟಿದ್ದ ಜೋಳದ ಚೀಲ ಉಬ್ಬಿ, ವಾರದೊಳಗೆ ಮೊಳಕೆಯೊಡೆಯಿತು. ನಮ್ಮ ಮನೆಯಲ್ಲಿ ಬಂಟ್ವಾಳದಲ್ಲಿ ಬೇರು ಬಿಟ್ಟದ್ದು ಅದೊಂದೇ.

ಎರಡು ಸಲ ಹಳದಿ ಬಳಿಸಿದೆ. ಐತಪ್ಪ ಹೇಳಿದಂತೆಯೇ, ಒಣಗುತ್ತಿದ್ದಂತೆ ಗೆರೆ ಎದ್ದು ಬಂತು.

ಈಗ ಹೇಳಬೇಕಾದ ಮಾತು. ಊರಿನಿಂದ ಹದಿನೈದು ದಿನಕ್ಕೊಂದು ಕಾಗದ ಬರುತ್ತಿತ್ತು: ಗೋಡೆ ಹೇಗಿದೆ? ನಾನು ಉತ್ತರಿಸುತ್ತಿದ್ದೆ: ಬೆಳಿಗ್ಗೆ ಕಿಟಕಿಯ ಮೇಲ್ಭಾಗದಲ್ಲಿ ಹಳದಿ ಬಹಳ ಸೊಗಸಾಗಿ ಕಾಣುತ್ತದೆ. ಸುಳ್ಳಲ್ಲ. ಮೇಲಿನ ಅರ್ಧದ ಬಗ್ಗೆ ಒಂದಕ್ಷರವೂ ತಪ್ಪು ಬರೆಯಲಿಲ್ಲ, ಕೆಳಗಿನ ಅರ್ಧದ ಬಗ್ಗೆ ಬರೆಯಲೇ ಇಲ್ಲ. ನಮ್ಮ ಕಚೇರಿಗೆ ಅಂಥ ದಸ್ತಾವೇಜು ಬಂದರೆ ವಿವರ ಪೂರ್ತಿಯಿಲ್ಲವೆಂದು ನಾನೇ ಹಿಂದಕ್ಕೆ ಕೊಡುತ್ತಿದ್ದೆ. ನಿಜ ಬರೆದರೆ ಅವಳು ಬರುವುದಿಲ್ಲ. ಬಂದಮೇಲೆ ಮಗು ಇರುತ್ತದೆ, ಮಾತು ತಾನಾಗಿ ಸರಿಹೋಗುತ್ತದೆ. ಐದು ಕಾಗದ ಹಾಗೆ ಬರೆದೆ.

ದೀಪಾವಳಿ ಕಳೆದು ಗೌರವ್ವ ಬಂದಳು. ಬಸಪ್ಪ ಜೊತೆಗಿದ್ದ. ಮಗು ಕಂಕುಳಲ್ಲಿ ನಿದ್ದೆ ಮಾಡುತ್ತಿತ್ತು. ಅವಳು ಒಳಗೆ ಬಂದು ನೋಡಿದಳು. ಕೂಗಾಡಲಿಲ್ಲ. ಗೋಡೆಗೆ ಬೆನ್ನು ಕೊಟ್ಟು ನಿಂತು ಗೆರೆ ತನಗೆಲ್ಲಿಗೆ ಬರುತ್ತದೆಂದು ಕೈಯಿಟ್ಟು ನೋಡಿಕೊಂಡಳು. ಗಂಟಲಿಗೆ ಬಂತು. ಅವಳು ನನಗಿಂತ ಕುಳ್ಳಿ ಎಂಬುದು ನನಗೆ ಆಗ ಲೆಕ್ಕಕ್ಕೆ ಬಂತು. ಬಸಪ್ಪನನ್ನು ಅಂಗಡಿಯ ಕಡೆಗೆ ಕಳಿಸಿ ಕೇಳಿದಳು.

“ಇದು ಯಾವಾಗ ಆತು?”

“ಆಷಾಢದಾಗ.”

“ಅದರ ಮ್ಯಾಲ ಐದು ಪತ್ರ ಬಂದಾವಲ್ರಿ.”



“ಬರೆದಿದ್ದರೆ ನೀನು ಬರುತ್ತಿದ್ದೆಯಾ?” ಎಂದು ಕೇಳಿದೆ. ಬೆದರಿದಾಗ ನನ್ನ ಬಾಯಿಂದ ಕಚೇರಿಯ ಕನ್ನಡ ಬರುತ್ತದೆ.

“ಬರ್ತಿದ್ದಿಲ್ಲೇನೋ. ಬರ್ತಿದ್ದೆನೇನೋ. ಅದು ನಾ ನೋಡ್ಕೊಳ್ಳೂ ಮಾತಿತ್ತು. ನೀರಿಗೇನ್ರಿ, ಬರೂದು ಅದರ ಗುಣ. ನಾನು ಓಣಿ ತುಂಬ ಹೇಳ್ಕೊಂಡು ಬಂದೀನಿ.”

ಅಷ್ಟೇ. ಹಿಂದಿರುಗಿ ಹೋಗುತ್ತಾಳೆಂದು ನಾನು ಎಂಟು ದಿನ ಕಾದೆ. ಬಸಪ್ಪನೂ ಕಾದ, ಆಮೇಲೆ ಒಬ್ಬನೇ ಹೋದ. ಹೋಗುವ ಮುನ್ನ ಅವಳು ಅವನ ಹತ್ತಿರ, ಗೋಡೆ ಚೆನ್ನಾಗಿದೆಯೆಂದು ಊರಲ್ಲಿ ಹೇಳು ಎಂದು ಆಣೆ ಹಾಕಿಸಿದಳೆಂದು ತಿಳಿಯಿತು. ನನ್ನ ಸುಳ್ಳನ್ನು ಅವಳು ಹೀಗೆ ತನ್ನ ಹೆಸರಿಗೆ ವರ್ಗ ಮಾಡಿಕೊಂಡಳು.

ಮರುವಾರ ಅವಳೇ ಸುಮತಿಯಮ್ಮನ ಮೂಲಕ ಐತಪ್ಪನನ್ನು ಕರೆಸಿದಳು. ಈ ಸಲ ಗೆರೆ ಸೊಂಟಕ್ಕೆ ನಿಲ್ಲಲಿಲ್ಲ, ಗಂಟಲಿಗೆ ಹೋಯಿತು. ಮೇಲೆ ಉಳಿದ ಒಂದು ಪಟ್ಟಿ ಹಳದಿಯನ್ನು ಏನು ಮಾಡುವ ಎಂದು ಐತಪ್ಪ ಕೇಳಿದ್ದಕ್ಕೆ, ನಿಮಗೆ ತೋಚಿದ್ದು ಮಾಡಿ ಎಂದಳು. ಅವನು ಬಿಳಿ ಬಳಿದ.

ಅಲ್ಲಿಂದ ಮುಂದೆ ಗೌರವ್ವನ ಬದುಕು ಹೊರಗಿನಿಂದ ನೋಡಿದರೆ ಸುಧಾರಿಸಿತು. ಗಂಜಿ ಉಂಡಳು. ಸುಮತಿಯಮ್ಮನಿಂದ ಕೊಂಕಣಿ, ಮೀನಿನವಳಿಂದ ತುಳು ಕಲಿತಳು. ಲಿಂಗ ಕಟ್ಟಿದವಳು ಮೀನಿನವಳ ಹತ್ತಿರ ಕಲಿಯಬಹುದಾದದ್ದು ಭಾಷೆಯೊಂದೇ, ಅದನ್ನು ಚೆನ್ನಾಗಿ ಕಲಿತಳು. ನನಗಿಂತ ವೇಗವಾಗಿ ಇಲ್ಲಿಯವಳಾದಳು. ಆದರೆ ಸೀರೆಯಾಗಲಿ ಬಳೆಯಾಗಲಿ, ಇದು ಬೇಕು ಅದು ಬೇಡ ಎಂಬ ಮಾತು ಅವಳ ಬಾಯಿಂದ ನಿಂತುಹೋಯಿತು.

ನಾಲ್ಕು ವರ್ಷದ ಮೇಲೆ ಬೆಳ್ತಂಗಡಿಗೆ ವರ್ಗವಾಯಿತು. ಇಲ್ಲಿ ಸಿಕ್ಕ ಮನೆ ದಿಬ್ಬದ ಮೇಲೆ. ನದಿಗೆ ಇದರ ವಿಳಾಸ ಗೊತ್ತಿಲ್ಲ. ಯಜಮಾನರು ಉದಾರಿ. ಗೋಡೆಗೆ ನಿಮ್ಮ ಇಷ್ಟದ ಬಣ್ಣ ಹೇಳಿ, ನಾನು ಮಾಡಿಸ್ತೇನೆ ಎಂದು ಗೌರವ್ವನನ್ನೇ ಕೇಳಿದರು. ಅವಳು ಈಗ ತನಗೂ ಬಂದಿರುವ ನಿಧಾನದ ಕನ್ನಡದಲ್ಲಿ, “ನಿಮ್ಮ ಮನೆ, ನೀವು ನೋಡಿ” ಎಂದಳು.

ಈ ಯುಗಾದಿಗೆ ಊರಿಗೆ ಹೋಗಿದ್ದೆವು. ಅವಳ ತವರಲ್ಲಿ ಸುಣ್ಣ, ಜಾಜು ನಡೆದಿತ್ತು. ನಾನು ಯಾರಿಗೋ ‘ಉಂಟು’ ಎಂದು ಹೇಳಿ ನಗೆಪಾಟಲಾದೆ. ಮಗಳು ತುಳುವಿನಲ್ಲಿ ನೀರು ಕೇಳಿದಳು, ಯಾರೂ ಕೊಡಲಿಲ್ಲ. ಬಸಪ್ಪನ ಹೆಂಡತಿ ಜಾಜಿನ ಮಡಕೆ ಹಿಡಿದು, ಪಟ್ಟಿ ಎಷ್ಟು ಅಗಲ ಎಳೆಯೋಣ ಗೌರವ್ವಾ, ಮೊದಲೆಲ್ಲ ನೀವೇ ಹೇಳುತ್ತಿದ್ದಿರಿ ಎಂದು ಕೇಳಿದಳು. ಗೌರವ್ವ ಬಾಗಿಲ ಹೊರಗೆ, ಚಪ್ಪಲಿ ಬಿಡುವ ಜಾಗದಲ್ಲಿ ನಿಂತಿದ್ದಳು.

“ನಿಮ್ಮ ಮನಿ, ನೀವು ನೋಡ್ರಿ” ಎಂದಳು.

ಬೆಳ್ತಂಗಡಿಯ ಮನೆಯ ವಿಷಯ ನಾನೇ ತೀರ್ಮಾನಿಸಬೇಕಾಯಿತು. ಬಣ್ಣ ಆರಿಸುವ ಯೋಗ್ಯತೆ ನನಗಿಲ್ಲವೆಂಬುದು ಸಿದ್ಧವಾಗಿದ್ದರಿಂದ ಬರಿಯ ಸುಣ್ಣ ಹೊಡೆಸಿದೆ, ಮೇಲಿನಿಂದ ನೆಲದವರೆಗೆ. ಬಂದವರೆಲ್ಲ ಬಹಳ ಶುಭ್ರವಾಗಿದೆ ಎನ್ನುತ್ತಾರೆ. ಗೌರವ್ವ ಅವರ ಮುಂದೆ ಬೆಲ್ಲ, ನೀರು ಇಟ್ಟು ಒಳಗೆ ಹೋಗುತ್ತಾಳೆ.