ಡೆಕ್ಕಿನ ಮೇಲೆ ಉರುಳಿದ ಡ್ರಮ್ಮು

ಆ ಮೀನಿನ ಬೋಟಿನ ಎಂಜಿನ್ ಡ್ರೈವರನನ್ನು ಎಲ್ಲರೂ ಪಾತಾಳಣ್ಣ ಎಂದೇ ಕರೆಯುತ್ತಿದ್ದರು. ಡೆಕ್ಕಿನ ಕೆಳಗೆ, ಸೊಂಟ ಬಗ್ಗಿಸಿಯೇ ನಿಲ್ಲಬೇಕಾದ ಎಂಜಿನ್ ಕೋಣೆಯಲ್ಲಿ ಅವನ ಅರ್ಧ ಆಯುಷ್ಯ ಸವೆದಿತ್ತು. ಮನುಷ್ಯ ಬಲು ಪುಕ್ಕಲ. ಬೋಟು ಹೊರಡುವ ಮುಂಚೆ ಮೇಲೆ ಬಂದು ಡೀಸೆಲ್ ಡ್ರಮ್ಮು, ಲಂಗರು, ಐಸಿನ ಪೆಟ್ಟಿಗೆ, ಎಲ್ಲದರ ಹಗ್ಗವನ್ನೂ ಜಗ್ಗಿ ನೋಡದಿದ್ದರೆ ಅವನಿಗೆ ಸಮಾಧಾನವಿಲ್ಲ. “ಹಾಗೇ ನಮ್ಮನ್ನೂ ಕಟ್ಟಿಹಾಕಿಬಿಡು ಪಾತಾಳಣ್ಣ” ಎಂದು ಡೆಕ್ಕಿನವರು ನಗುತ್ತಿದ್ದರು.

ಆ ದಿನ ಮಾತ್ರ ಮೇಲೆ ಬರಲು ಪುರುಸೊತ್ತಾಗಲಿಲ್ಲ. ಎಂಜಿನ್ನಿಗೆ ಡೀಸೆಲ್ ಹೋಗುವ ಪೈಪು ಸೋರುತ್ತಿತ್ತು. ಅದಕ್ಕೆ ರಬ್ಬರ್ ಪಟ್ಟಿ ಸುತ್ತುತ್ತಲೇ, ಡೆಕ್ಕಿನಲ್ಲಿದ್ದ ಹೆಂಡತಿಯ ತಮ್ಮನನ್ನು ಕೂಗಿದ.

“ಡ್ರಮ್ಮು ಬಿಗಿದ್ಯೇನೋ?”

“ಬಿಗಿದಿದ್ದೀನಿ ಭಾವ. ನೀವು ಸುಮ್ನೆ ತಲೆ ಬಿಸಿ ಮಾಡ್ಕೋಬೇಡಿ.”

ಮಧ್ಯಾಹ್ನ ಗಾಳಿ ಎದ್ದಿತು. ಬೋಟು ಆ ಕಡೆ ಈ ಕಡೆ ವಾಲತೊಡಗಿತು. ಮೊದಲು ಬಕೆಟ್ಟು ಬಿದ್ದ ಸದ್ದು. ಆಮೇಲೆ ತಲೆಯ ಮೇಲೆಯೇ ಗುಡುಗುಡು ಎಂದು ಏನೋ ಉರುಳಿ ಹೋಗಿ ಬೋಟಿನ ಪಕ್ಕಕ್ಕೆ ದಢಾರೆಂದು ಬಡಿಯಿತು. ತುಂಬಿದ ಡೀಸೆಲ್ ಡ್ರಮ್ಮು! ಅಡ್ಡ ಸಿಕ್ಕವನ ಕಥೆ ಮುಗಿದಂತೆಯೇ.

ಏಣಿಗೆ ಕೈ ಹಾಕಿದ್ದ, ಅಷ್ಟರಲ್ಲಿ ಪಟ್ಟಿ ಜಾರಿ ಡೀಸೆಲ್ ಚಿಮ್ಮಿತು. ಎಂಜಿನ್ ಕೆಮ್ಮಿತು. ಓಡಿಬಂದು ಎರಡೂ ಕೈಯಲ್ಲಿ ಪೈಪನ್ನು ಅದುಮಿ ಹಿಡಿದ. ಬಿಟ್ಟರೆ ಎಂಜಿನ್ ನಿಲ್ಲುತ್ತದೆ. ನಿಂತರೆ ಬೋಟು ಅಲೆಗೆ ಅಡ್ಡ ತಿರುಗುತ್ತದೆ. ಕೈ ಕೆಳಗೆ, ಜೀವವೆಲ್ಲ ಮೇಲೆ.

ಮೇಲೆ ಕಾಲುಗಳು ಓಡಿದವು. “ಹಿಡೀರಿ, ಹಿಡೀರಿ!” ಎಂದ ದನಿ ಮೈದುನನದೇ. ಡ್ರಮ್ಮು ಮತ್ತೆ ಉರುಳಿ ಬಂತು. ಒಂದು ಚೀರಾಟ. ಆಮೇಲೆ ಉರುಳುವ ಸದ್ದು ನಿಂತೇ ಹೋಯಿತು.

“ಯಾರಿಗೇನಾಯ್ತು? ಹೇಳ್ರೋ!” ಎಂದು ಪಾತಾಳಣ್ಣ ಅರಚಿದ. ಹೆಂಡತಿಗೆ ಏನೆಂದು ಹೇಳಲಿ?

ಕೊನೆಗೆ ಎಂಜಿನ್ ಕೋಣೆಯ ಮುಚ್ಚಳ ತೆರೆದು ಅಡುಗೆಯವನು ಇಣುಕಿದ. “ಬಲೆ ಅಡ್ಡ ಎಸೆದು ಡ್ರಮ್ಮು ನಿಲ್ಸಿದ್ವಿ.”

“ನಮ್ಮ ಹುಡುಗ?”

“ಕಾಲು ಮುರಿದಿರಬೇಕು. ಜೀವಕ್ಕೇನಿಲ್ಲ, ಬೈತಾ ಇದ್ದಾನೆ.”

“ಯಾರನ್ನ?”

“ನಿನ್ನನ್ನೇ. ಇವತ್ತೊಂದಿನ ಭಾವ ಬಂದು ನೋಡ್ಲಿಲ್ವಲ್ಲ ಅಂತ.”

ಪಾತಾಳಣ್ಣನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅಡುಗೆಯವನು ತಂತಿ ತಂದು ಪೈಪು ಬಿಗಿದ ಮೇಲೂ ಅವನ ಬೆರಳುಗಳು ಬಿಚ್ಚಿಕೊಳ್ಳಲಿಲ್ಲ.

ಆಸ್ಪತ್ರೆಯಲ್ಲಿ ಹೆಂಡತಿ ತಮ್ಮನ ಪಟ್ಟಿ ಕಟ್ಟಿದ ಕಾಲಿನ ಪಕ್ಕ ಕೂತು, “ನಿಮ್ಮನ್ನ ನಂಬಿ ಕಳಿಸಿದ್ದೆ” ಎಂದಳು. ಅಷ್ಟೇ.

ಮಾರನೆಯ ದಿನ ಪಾತಾಳಣ್ಣ ಬೋಟಿನ ಯಜಮಾನನ ಮುಂದೆ ನಿಂತ. “ನಂಗೆ ಡೆಕ್ಕಿನ ಕೆಲಸ ಕೊಡಿ.”

“ಈ ವಯಸ್ಸಲ್ಲಿ ಬಲೆ ಎಳೀತೀಯಾ?”

“ಎಳೀತೀನಿ. ಕೆಳಗೆ ಕೂತು ಬರೀ ಕೇಳಿಸ್ಕೊಳ್ಳೋದು ಇನ್ನು ನನ್ನ ಕೈಲಾಗಲ್ಲ ಸ್ವಾಮಿ.”

ಯಜಮಾನ ಗೊಣಗುತ್ತಲೇ ಒಪ್ಪಿದ. ಎಂಜಿನ್ನಿಗೆ ಹೊಸಬ ಬಂದ. ಮೈದುನನ ಕಾಲು ಕೂಡಿಕೊಂಡಿತು, ನಡಿಗೆ ಮಾತ್ರ ಸ್ವಲ್ಪ ಕುಂಟು. ಪಾತಾಳಣ್ಣನ ದಿಗಿಲು ಡೆಕ್ಕಿಗೆ ಬಂದರೂ ತಗ್ಗಿಲ್ಲ. ಗಾಳಿ ಎದ್ದಾಗಲೆಲ್ಲ ಮುಚ್ಚಳ ಎತ್ತಿ, ಹೊಸ ಡ್ರೈವರನಿಗೆ “ಮೇಲೆ ಎಲ್ಲಾ ಸರಿಯಾಗಿದೆ ಕಣಪ್ಪಾ” ಎಂದು ಕೂಗಿ ಹೇಳುತ್ತಾನೆ, ಅವನು ಕೇಳದಿದ್ದರೂ.