ಗಡಿಕಲ್ಲಿನಾಚೆಯ ಹೊಗೆ

ಹೋದ ಮಂಗಳವಾರ ಮಟಮಟ ಮಧ್ಯಾಹ್ನ ಕರೆಂಟ್ ಹೋಯಿತು. ಫ್ಯಾನ್ ನಿಂತಿತು. ಎದುರು ಮನೆಯ ಟಿವಿ ಮಾತಿನ ನಡುವೆಯೇ ಬಾಯಿ ಮುಚ್ಚಿತು. ಹಿಟ್ಟಿನ ಗಿರಣಿಯೂ ನಿಂತಿತು. ಓಣಿಯಲ್ಲಿ ಒಂದು ನಾಯಿಯ ಸದ್ದೂ ಇಲ್ಲ.

ಆದರೆ ಹಾಲಿನ ಡೈರಿಯೊಳಗೆ ದೀಪ ಉರಿಯುತ್ತಿತ್ತು. ಸದ್ದಿಲ್ಲದೆ.

ಬೆಳಿಗ್ಗೆ ಮರೆತು ಬಂದಿದ್ದ ಕ್ಯಾನ್ ತರಲು ಹೋದವಳು ನಾನು, ಬಾಗಿಲಲ್ಲೇ ನಿಂತುಬಿಟ್ಟೆ. ದೀಪ ಉರಿದರೆ ಹೆದರುವುದೇನು ಅನ್ನುತ್ತೀರಾ? ಇರಿ, ಹೇಳುತ್ತೇನೆ.

ನಮ್ಮ ಡೈರಿಯಲ್ಲಿ ಹಾಲನ್ನು ತಣ್ಣಗಿಡುವ ದೊಡ್ಡ ಕೂಲರ್ ಇದೆ. ಕರೆಂಟ್ ಹೋದರೆ ಅದಕ್ಕೆ ಡೀಸೆಲ್ ಜನರೇಟರ್. ಅದರ ಅಬ್ಬರಕ್ಕೆ ಪಕ್ಕದ ಶಾಲೆಯಲ್ಲಿ ಮಕ್ಕಳು ಹೇಳುವ ಮಗ್ಗಿ ಮೇಷ್ಟ್ರಿಗೇ ಕೇಳಿಸುತ್ತಿರಲಿಲ್ಲ. ಹೊಗೆಗೆ ಕೆಮ್ಮು ಬೇರೆ. ಅದನ್ನು ನಿಲ್ಲಿಸಿದವಳು ನನ್ನ ಮೊಮ್ಮಗಳು ಚೈತ್ರಾ. ಪಿಯುಸಿ ಓದುತ್ತಾಳೆ. ಅರ್ಜಿ ಬರೆದಳು, ಮನೆಮನೆ ತಿರುಗಿ ಸಹಿ ಹಾಕಿಸಿದಳು, ಗ್ರಾಮಸಭೆಯಲ್ಲಿ ಎದ್ದು ನಿಂತು ಮಾತಾಡಿದಳು. (ನಾನು ಹಿಂದಿನ ಸಾಲಿನಲ್ಲಿ ಸೆರಗು ಬಾಯಿಗಿಟ್ಟುಕೊಂಡು ಕೂತಿದ್ದೆ. ಸಭೆಯಲ್ಲಿ ಈವರೆಗೆ ಒಂದು ಮಾತೂ ಆಡಿದವಳಲ್ಲ.)

ಊರಿನ ಗಡಿಯೊಳಗೆ ಜನರೇಟರ್ ಓಡಿಸುವಂತಿಲ್ಲ ಎಂದು ನಿರ್ಣಯವಾಯಿತು. ರಸ್ತೆಯ ತಿರುವಿನಲ್ಲಿ ‘ಹೊಗೆಮುಕ್ತ ಗ್ರಾಮ’ ಅಂತ ಬೋರ್ಡ್ ಬಂತು. ಚೈತ್ರಾಳಿಗೆ ಶಾಲು ಹೊದಿಸಿದರು. ಆ ಫೋಟೊ ನಮ್ಮ ನಡುಮನೆಯ ಗೋಡೆಯ ಮೇಲಿತ್ತು.

ಹಾಗಾದರೆ ಈ ದೀಪ ಯಾವುದರದ್ದು?

ಡೈರಿಯ ಸೆಕ್ರೆಟರಿ ಹಾಲಪ್ಪ ಟೇಬಲ್ಲಿಗೆ ಕಾಲು ಚಾಚಿ ಕೂತಿದ್ದ. ಕೇಳಿದೆ. “ಹಾಲಪ್ಪಾ, ಊರಿಗೆಲ್ಲ ಕರೆಂಟಿಲ್ಲ. ಇದೆಂಗೆ ಉರೀತೈತೆ?”

“ಬ್ಯಾರೆ ಕಡೆಯಿಂದ ಬರ್ತೈತೆ ದೊಡ್ಡಮ್ಮ.”

“ಯಾವ ಕಡೆಯಿಂದ?”

“ಅಯ್ಯೋ, ನಿಮ್ಮ ಮೂಗಿಗೆ ಹೊಗೆ ಬರ್ತೈತಾ? ಇಲ್ಲ. ಕಿವಿಗೆ ಸದ್ದು ಬರ್ತೈತಾ? ಇಲ್ಲ. ನಿಮ್ಮ ಮೊಮ್ಮಗಳು ಹೇಳಿದಂಗೇ ಆಗೈತಲ್ಲ, ಇನ್ನೇನು ಬೇಕು?” ಎಂದು ನಕ್ಕ.

ಹೊರಗೆ ಬಂದು ಮೇಲೆ ನೋಡಿದೆ. ಡೈರಿಯ ಮಾಡಿನಿಂದ ಹೊಸದೊಂದು ಕಪ್ಪು ವೈರ್ ಹೊರಟಿತ್ತು. ಕಂಬದಿಂದ ಗಳಕ್ಕೆ, ಗಳದಿಂದ ಮರಕ್ಕೆ. ಹಿಂದೆಯೇ ನಡೆದೆ. ಯಾಕೆ ನಡೆದೆ? ಗೊತ್ತಿಲ್ಲ. ಮನೆಗೆ ಹೋಗಿ ಊಟ ಮಾಡುವ ಹೊತ್ತು ಅದು.

ವೈರ್ ಮೆಕ್ಕೆಜೋಳದ ಹೊಲಗಳ ನಡುವೆ ಹೋಗುತ್ತಿತ್ತು. ಪೈರು ನನ್ನ ತಲೆಗಿಂತ ಎತ್ತರ. ಗಾಳಿಯಿಲ್ಲ. ಒಂದು ಎಲೆಯೂ ಅಲುಗುತ್ತಿರಲಿಲ್ಲ. ನನ್ನ ನೆರಳು ನನ್ನ ಕಾಲಡಿಯಲ್ಲೇ ಮುದುಡಿತ್ತು. ಚಿಕ್ಕಂದಿನಲ್ಲಿ ಈ ಹೊತ್ತಿಗೆ ಈ ದಾರಿ ತುಳಿಯಬೇಡ ಅಂತ ಅವ್ವ ಗದರುತ್ತಿದ್ದಳು. ಸ್ವಲ್ಪ ದೂರ ಹೋದ ಮೇಲೆ ಗುಂಯ್ ಅನ್ನುವ ಸದ್ದು ಶುರುವಾಯಿತು. ಕಿವಿಗಿಂತ ಮೊದಲು ಅಂಗಾಲಿಗೆ ಗೊತ್ತಾಗುವಂಥ ಸದ್ದು.

ನಮ್ಮೂರು ಹೊನ್ನಾಳಿ ತಾಲ್ಲೂಕಿನ ಅಂಚಿನ ಊರು. ಗಡಿಕಲ್ಲು ದಾಟಿದರೆ ನ್ಯಾಮತಿ ತಾಲ್ಲೂಕು. ಮೊದಲು ಎರಡೂ ಒಂದೇ ತಾಲ್ಲೂಕಾಗಿದ್ದವು, ಕಲ್ಲು ಮಾತ್ರ ಆಗಲೂ ಅಲ್ಲೇ ಇತ್ತು. ಕಲ್ಲಿನಾಚೆ ನಾಲ್ಕೇ ಹೆಜ್ಜೆಗೆ ಒಂದು ಮುದಿ ಬೇವಿನ ಮರ. ಅದರ ಬುಡದಲ್ಲಿ ಹರಿದ ಮೊರ, ಬಳೆ ಚೂರು, ಗೆದ್ದಲು ತಿಂದ ಕಟ್ಟಿಗೆಯ ಪುಟ್ಟ ಗಾಲಿಗಳು. ಅವುಗಳ ನಡುವೆ, ಗಾಲಿಯ ಮೇಲೆ ನಿಂತು, ನೀಲಿ ಟಾರ್ಪಾಲು ಹೊದ್ದು, ನಮ್ಮ ಜನರೇಟರ್.

ಸುತ್ತ ಒಬ್ಬರೂ ಇರಲಿಲ್ಲ. ಅದು ತನ್ನಷ್ಟಕ್ಕೆ ತಾನು ನಡುಗುತ್ತಿತ್ತು.

ಮೊಮ್ಮಕ್ಕಳೇ, ಆ ಗಾಲಿಗಳು ಏನೆಂದು ನಿಮಗೆ ಗೊತ್ತಿರಲಿಕ್ಕಿಲ್ಲ. ಹಿಂದೆ ಊರಿಗೆ ಸಿಡುಬು ಬಂದರೆ ‘ಅಮ್ಮ ಬಂದಳು’ ಅನ್ನುತ್ತಿದ್ದರು. ಕಟ್ಟಿಗೆಯ ಗಾಡಿಯಲ್ಲಿ ಒಂದು ಗೊಂಬೆ ಕೂರಿಸಿ, ಉಡಿ ತುಂಬಿ, ತಮಟೆ ಬಡಿಯುತ್ತಾ ಗಡಿ ದಾಟಿಸಿ ಬರುತ್ತಿದ್ದರು. ಹಿಂತಿರುಗಿ ನೋಡಬಾರದು. ಆಚೆ ಊರಿನವರು ಅದನ್ನು ತಮ್ಮ ಗಡಿ ದಾಟಿಸುತ್ತಿದ್ದರು. ಅವರಾಚೆಯವರು ಇನ್ನೊಂದು ಗಡಿ.

ಬೇವಿನ ಮರದ ಹಿಂದೆ ಒಂದು ಶೀಟಿನ ಮನೆ. ಹಗ್ಗದ ಮೇಲೆ ಕೂಸಿನ ಬಟ್ಟೆಗಳು ಒಣಗುತ್ತಿದ್ದವು. ಎಲ್ಲದರ ಮೇಲೂ ಸಾಸಿವೆ ಚೆಲ್ಲಿದಂತೆ ಕಪ್ಪು ಚುಕ್ಕಿ. ಹಗಲಲ್ಲೂ ಬಾಗಿಲು ಹಾಕಿತ್ತು. ಬಾಗಿಲ ಸಂದಿಗೆ ಒದ್ದೆ ಸೀರೆ ತುರುಕಿದ್ದರು. ನಾನು ಕೆಮ್ಮಿದ್ದು ಕೇಳಿ ಒಬ್ಬ ಹೆಂಗಸು ಇಣುಕಿದಳು. ರತ್ನಮ್ಮ ಅಂತ ಹೆಸರು.

“ಯಾವೂರಾತು ಅಜ್ಜೀ?”

“ಇಲ್ಲೇ, ಆಚೆ ಊರು ಕಣವ್ವ.”

“ಓಹೋ, ಹೊಗೆ ಇಲ್ಲದ ಊರವ್ರು! ಬರ್ರಿ, ಒಳಗೆ ಬರ್ರಿ. ನಿಮ್ಮೂರಮ್ಮನ್ನ ನೋಡಾಕೆ ಬಂದ್ರೇನು? ಚಲೋ ಅದಾಳೆ. ಆಗೆಲ್ಲ ಕಟ್ಟಿಗೆ ಗಾಲಿ ಮ್ಯಾಲೆ ಬರ್ತಿದ್ಲು, ಈಗ ರಬ್ಬರ್ ಟೈರು.”

ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ಒಳಗೆ ಕತ್ತಲೆ. ಸೀರೆ ಕಟ್ಟಿದ ಜೋಳಿಗೆಯಲ್ಲಿ ಆರು ತಿಂಗಳ ಹೆಣ್ಣು ಕೂಸು ಮಲಗಿತ್ತು. ಉಸಿರಾಡಿದಾಗಲೆಲ್ಲ ಅದರ ಎದೆಯಲ್ಲಿ ಸಣ್ಣಗೆ ಗುಂಯ್ ಅನ್ನುವ ಸದ್ದು. ಹೊರಗಿನದೇ ಸದ್ದು, ಚಿಕ್ಕದಾಗಿ.

“ಡಾಕ್ಟ್ರು ಹೊಗೆಯಿಂದ ದೂರ ಇಡು ಅಂದ್ರು. ಎಲ್ಲಿಗೆ ಅಂತ ಒಯ್ಲಿ?” ಎಂದಳು ರತ್ನಮ್ಮ. “ನಮ್ಮ ಪಂಚಾಯ್ತಿಗೆ ಹೋದ್ರೆ, ಮಷೀನು ಅವರೂರದು ಅಂತಾರೆ. ನಿಮ್ಮೂರಿಗೆ ಬಂದ್ರೆ, ನೆಲ ನಮ್ಮೂರದಲ್ಲ ಅಂತಾರೆ.”

“ಕರೆಂಟ್ ಬಂದ ಮ್ಯಾಲೆ ನಿಲ್ತೈತಲ್ಲ?”

“ಎಲ್ಲಿ ನಿಲ್ತೈತೆ! ಕರೆಂಟ್ ಹೋದ್ರೆ ತಾನೇ ಶುರುವಾಗ್ತೈತೆ. ತಾನೇ ನಿಲ್ಲೋ ಸ್ವಿಚ್ಚು ಕೆಟ್ಟೈತಂತೆ. ನಿಲ್ಸಾಕೆ ಇಷ್ಟು ದೂರ ಯಾರು ಬರ್ತಾರೆ? ಡೀಸೆಲ್ ಮುಗೀಬೇಕು.”

ಊರೊಳಗಿದ್ದಾಗ ಹೀಗಿರಲಿಲ್ಲ. ಕರೆಂಟ್ ಬಂದ ಮರುಗಳಿಗೆಗೆ ಮೇಷ್ಟ್ರು ಕಿಟಕಿಯಿಂದ ಕೂಗುತ್ತಿದ್ದರು, ಹಾಲಪ್ಪ ಓಡಿಹೋಗಿ ನಿಲ್ಲಿಸುತ್ತಿದ್ದ. ಈಗ ಕೂಗುವವರಿಲ್ಲ. ಹೊಗೆ ಕಡಿಮೆಯಾಗಿರಲಿಲ್ಲ. ಹೆಚ್ಚಾಗಿತ್ತು.

ಅಷ್ಟರಲ್ಲಿ ಹೊರಗೆ ಜನರೇಟರ್ ಎರಡು ಸಲ ಬಿಕ್ಕಿ ನಿಂತಿತು. ಕೂಸಿನ ಎದೆಯ ಸದ್ದು ನಿಲ್ಲಲಿಲ್ಲ.

ಸಂಜೆ ಚೈತ್ರಾಳಿಗೆ ಎಲ್ಲ ಹೇಳಿದೆ. ಅವಳು ಕಾಲೇಜಿನ ಪ್ರಬಂಧಕ್ಕೆ ಏನೋ ಓದುತ್ತಿದ್ದಳು. ಪುಸ್ತಕ ಮುಚ್ಚಿದಳು.

“ಅಜ್ಜಿ, ನಾನು ಓದ್ತಿರೋದೂ ಇದೇ,” ಎಂದಳು. “ಹೊರದೇಶದಲ್ಲಿ ಒಂದಷ್ಟು ರಾಜ್ಯದವರು ಸೇರ್ಕೊಂಡು, ತಮ್ಮಲ್ಲಿರೋ ಕರೆಂಟ್ ಫ್ಯಾಕ್ಟರಿಗಳು ಇಷ್ಟೇ ಹೊಗೆ ಬಿಡಬೇಕು ಅಂತ ಮಿತಿ ಹಾಕ್ತಾರೆ. ಅಲ್ಲಿ ಹೊಗೆ ಕಡಿಮೆ ಆಗ್ತೈತೆ. ಆದ್ರೆ ಜನಕ್ಕೆ ಕರೆಂಟ್ ಬೇಕಲ್ಲ? ಮಿತಿ ಇಲ್ಲದ ಪಕ್ಕದ ರಾಜ್ಯದಲ್ಲಿ ಕಲ್ಲಿದ್ದಲು ಸುಟ್ಟು, ವೈರಲ್ಲಿ ಕಳಿಸ್ತಾರೆ. ಇದಕ್ಕೆ ಲೀಕೇಜ್ ಅಂತಾರೆ.”

ಲೀಕೇಜ್ ಅಂದರೆ ನನಗೆ ಗೊತ್ತಿದ್ದದ್ದು ನಲ್ಲಿಯದು. ನಲ್ಲಿ ಸೋರಿದರೆ ನೆಲವಾದರೂ ಒದ್ದೆಯಾಗುತ್ತದೆ, ಕಾಣುತ್ತದೆ. ಇದು ಕಾಣುವುದು ಇನ್ನೊಬ್ಬರ ಮನೆಯ ಬಟ್ಟೆಯ ಮೇಲೆ.

“ಆದ್ರೆ ಅಜ್ಜಿ, ಇಲ್ಲಿ ಅದನ್ನ ನಾನೇ ಮಾಡಿದ್ನಲ್ಲ,” ಎಂದಳು. ಗೋಡೆಯ ಫೋಟೊ ತೆಗೆದು ಬೀರುವಿನೊಳಗೆ ಇಟ್ಟಳು.

ಆಗ ಅವಳಿಗೆ, ಈವರೆಗೆ ಯಾರಿಗೂ ಹೇಳದ ಒಂದು ಮಾತು ಹೇಳಿದೆ. ನನಗೆ ಎಂಟು ವರ್ಷ ಇದ್ದಾಗ ಊರಿನವರು ಅಮ್ಮನ ಗಾಡಿ ಸಾಗಹಾಕಿದರು. ಗೊಂಬೆಗೆ ಕುಪ್ಪಸ ಹೊಲಿದದ್ದು ನಮ್ಮವ್ವ, ತನ್ನ ಹಸಿರು ಸೀರೆಯ ಹಳದಿ ಅಂಚು ಹರಿದು. ಎಲ್ಲರೂ ಬೆನ್ನು ತಿರುಗಿಸಿ ಬಂದರು. ನಾನು ಮಾತ್ರ ಹಿಂತಿರುಗಿ ನೋಡಿದೆ. ಗೊಂಬೆ ನಮ್ಮ ಕಡೆಗೇ ಮುಖ ಮಾಡಿ ಕೂತಿತ್ತು.

ಆ ವರ್ಷದ ಮಳೆಗಾಲ ಕಳೆಯಿತು. ಒಂದು ಬೆಳಿಗ್ಗೆ ಊರಿನ ಇನ್ನೊಂದು ತುದಿಯಲ್ಲಿ, ಮೂಡಣ ಗಡಿಯ ಹತ್ತಿರ, ಒಂದು ಗಾಡಿ ನಿಂತಿತ್ತು. ಗೊಂಬೆಯ ಮೈಮೇಲೆ ಊರೂರಿನ ಬಟ್ಟೆ. ಒಂದರ ಮೇಲೊಂದು, ಒಂದರ ಮೇಲೊಂದು. ಎಲ್ಲಕ್ಕಿಂತ ಒಳಗೆ, ಬಣ್ಣ ಮಾಸಿದ ಹಸಿರು, ಹಳದಿ ಅಂಚು.

ಗುರುತು ಹಿಡಿದವಳು ನಾನೊಬ್ಬಳೇ. ಹೆದರಿ ಬಾಯಿ ಬಿಡಲಿಲ್ಲ. ಆ ವಾರ ನಮ್ಮ ಓಣಿಯಲ್ಲಿ ಎರಡು ಮನೆಯ ಬಾಗಿಲಿಗೆ ಅಮ್ಮ ಬಂದ ಗುರುತಾಗಿ ಬೇವಿನ ಸೊಪ್ಪು ಕಟ್ಟಿದರು. ಒಂದು ಮನೆಯಲ್ಲಿ ನನ್ನ ಗೆಳತಿ ಇದ್ದಳು. ಆಮೇಲೆ ಇರಲಿಲ್ಲ.

ಹೇಳಿದ್ದರೆ ಉಳಿಯುತ್ತಿದ್ದಳೇ? ಗೊತ್ತಿಲ್ಲ. ಹೇಳಲಿಲ್ಲ ಅನ್ನುವುದಷ್ಟೇ ಗೊತ್ತು.

ಚೈತ್ರಾಳಿಗೆ ಇದನ್ನೆಲ್ಲ ಹೇಳಿದ ಎರಡು ದಿನಕ್ಕೆ, ಗುರುವಾರ, ಗಾಳಿ ತಿರುಗಿತು. ಬೆಳಿಗ್ಗೆ ಹಿತ್ತಲಿನ ಹಗ್ಗದಿಂದ ಚೈತ್ರಾಳ ಯೂನಿಫಾರ್ಮಿನ ಬಿಳಿ ವೇಲು ತೆಗೆಯಲು ಹೋದೆ. ಅಂಚಿನಿಂದ ಅಂಚಿಗೆ, ಸಾಸಿವೆ ಚೆಲ್ಲಿದಂತೆ, ಕಪ್ಪು ಚುಕ್ಕಿ.

ಅವಳಿಗೆ ತೋರಿಸಿದೆ. ಬೆರಳಿನಿಂದ ಒರೆಸಿ ನೋಡಿಕೊಂಡಳು. ಕಾಲೇಜಿಗೆ ಹೋಗಲಿಲ್ಲ. ಕೂತು ಹೊಸ ಅರ್ಜಿ ಬರೆದಳು. ಜನರೇಟರನ್ನು ಗಡಿಯಿಂದ ಊರೊಳಗೆ ವಾಪಸ್ ತರಬೇಕು. ಶಾಲೆಯ ಹತ್ತಿರ ಬೇಡ, ಪಂಚಾಯ್ತಿ ಆಫೀಸಿನ ಕಿಟಕಿಯ ಕೆಳಗೆ ಇಡಲಿ. ಕೂಲರಿಗೆ ಸೋಲಾರ್ ಹಾಕಿಸುವವರೆಗೆ ಅದು ಅಲ್ಲೇ ಇರಲಿ.

ಹಾಲಪ್ಪ ಓದಿ, “ಏನಮ್ಮಾ, ಹೊಗೆ ಬ್ಯಾಡ ಅಂದೋಳೂ ನೀನೇ, ತರ್ರಿ ಅನ್ನೋಳೂ ನೀನೇನಾ?” ಎಂದು ಊರಿಗೆಲ್ಲ ಕೇಳುವಂತೆ ನಕ್ಕನಂತೆ. ಹೋದ ಸಲ ಓಡಿ ಬಂದು ಸಹಿ ಹಾಕಿದವರು ಈಗ ಕನ್ನಡಕ ಸಿಗುತ್ತಿಲ್ಲ ಅನ್ನುತ್ತಿದ್ದಾರಂತೆ.

ಗ್ರಾಮಸಭೆ ಸೋಮವಾರ. ಅರ್ಜಿಯಲ್ಲಿ ಮೊದಲ ಸಹಿ ನನ್ನದು. ಎರಡನೆಯ ಸಾಲು ಇನ್ನೂ ಖಾಲಿ. ಅದು ಯಾರದು?