ಬೇಲಿಯ ಬಳಿ ಕರೆದ ಹೆಸರು

ಕಳೆದ ವಾರ ರಾಗಿ ಬೀಸಿಸಿಕೊಂಡು ಬರಲೆಂದು ಕೆ.ಆರ್. ಪೇಟೆಯ ಹಿಟ್ಟಿನ ಗಿರಣಿಗೆ ಹೋಗಿದ್ದೆ. ನನಗಿಂತ ಮುಂಚೆ ಬಂದಿದ್ದ ಶೀಳನೆರೆ ಕಡೆಯ ರೈತರೊಬ್ಬರು ದನಗಳಿಗೆಂದು ಮುಸುಕಿನ ಜೋಳವನ್ನು ಬೀಸಿಸುತ್ತಿದ್ದರು. ಯಂತ್ರದ ಬಾಯಿಂದ ಹಳದಿ ಹಿಟ್ಟು ಬಿಸಿಬಿಸಿಯಾಗಿ ಚೀಲದೊಳಕ್ಕೆ ಬೀಳುತ್ತಿತ್ತು. ಅದರ ವಾಸನೆಯಲ್ಲಿ ಮೊದಲು ಸ್ವಲ್ಪ ಸಿಹಿ, ಆಮೇಲೆ ಸ್ವಲ್ಪ ಸೀದ ಕಮಟು. ನನ್ನ ಸರದಿ ಬಂದದ್ದೇ ನನಗೆ ತಿಳಿಯಲಿಲ್ಲ. "ಸಾ, ಚೀಲ ಕೊಡಿ" ಎಂದು ಗಿರಣಿಯಾತ ಮತ್ತೆ ಕೂಗಬೇಕಾಯಿತು. ಆ ಹೊತ್ತಿಗೆ ನಾನು ಪಾಂಡವಪುರದ ಒಂದು ಬೀದಿಯಲ್ಲಿ, ಎದುರು ಮನೆಯ ತಾತನ ಜಗಲಿಯ ಮೇಲೆ ಕುಳಿತಿದ್ದೆ…

ಆಗ ನನಗೆ ಕೆಲಸ ಸಿಕ್ಕಿ ಹೆಚ್ಚು ಕಾಲವಾಗಿರಲಿಲ್ಲ. ನಾಗಮಂಗಲ ಕಡೆಯವನಾದ ನಾನು ಪಾಂಡವಪುರದ ಪ್ರೌಢಶಾಲೆಯೊಂದಕ್ಕೆ ಕನ್ನಡ ಅಧ್ಯಾಪಕನಾಗಿ ಬಂದು, ಬಾಡಿಗೆ ಮನೆಯಲ್ಲಿ ಒಬ್ಬನೇ ಇದ್ದೆ. ಎದುರು ಮನೆಯಲ್ಲಿ ಮಗ, ಸೊಸೆ, ಮೊಮ್ಮಕ್ಕಳೊಂದಿಗೆ ತಾತ ಇದ್ದರು. ಎಪ್ಪತ್ತು ದಾಟಿದ್ದರೂ ಬೆನ್ನು ಬಾಗಿರಲಿಲ್ಲ. ಬೀದಿಯವರೆಲ್ಲ ಅವರನ್ನು 'ಇಟ್ಲಿ ತಾತ' ಎನ್ನುತ್ತಿದ್ದರು. ಹೊಸಬರು ಅದನ್ನು 'ಇಡ್ಲಿ' ಎಂದು ಕೇಳಿಸಿಕೊಂಡು, ಹಿಂದೆ ಹೋಟೆಲು ನಡೆಸಿದವರಿರಬೇಕೆಂದು ಭಾವಿಸುತ್ತಿದ್ದುದೂ ಉಂಟು. 'ಇಟಲಿ' ಎಂಬುದೇ ಶುದ್ಧ ರೂಪವೆಂದು ನಾನು ಒಮ್ಮೆ ತಿದ್ದಿದೆ.

"ನಾನ್ ಓಗಿದ್ದು ಇಟ್ಲಿಗೇ ಕಣ್ ಮೇಷ್ಟ್ರೆ, ನಿಮ್ ಇಟಲಿಗಲ್ಲ" ಎಂದು ಅವರು ನಕ್ಕರು.

ಅವರು ಹೋದದ್ದು ತಾವಾಗಿಯಲ್ಲ. ಎರಡನೆಯ ಮಹಾಯುದ್ಧದಲ್ಲಿ ಬ್ರಿಟಿಷರ ಸೈನ್ಯಕ್ಕೆ ಲಾರಿ ಚಾಲಕರಾಗಿ ಸೇರಿ, ಆಫ್ರಿಕದ ಮರಳುಗಾಡಿನಲ್ಲಿ ಸೆರೆಸಿಕ್ಕಿ, ಹಡಗಿನಲ್ಲಿ ಇಟಲಿಗೆ ಸಾಗಿಸಲ್ಪಟ್ಟವರು. ಅಲ್ಲಿ ಆಗ ಸರ್ವಾಧಿಕಾರಿಯೊಬ್ಬನ ಆಳ್ವಿಕೆಯಿತ್ತು. ಶಿಬಿರದ ಗೋಡೆಯ ಮೇಲೆ ಅವನ ಚಿತ್ರ, ಹೊರಗೆ ಕಂಡ ಮನೆಗಳ ಗೋಡೆಗಳ ಮೇಲೆ ಆಳೆತ್ತರದ ಅಕ್ಷರಗಳಲ್ಲಿ ಅವನ ಮಾತುಗಳು. ಅವನ ಕಡೆಯ ಕರಿಯಂಗಿಯವರನ್ನು ಕಂಡರೆ ಆ ಊರಿನ ಜನವೇ ಬಾಗಿಲು ಹಾಕಿಕೊಳ್ಳುತ್ತಿದ್ದರಂತೆ. ಒಂದು ದಿನ ಆ ಸರ್ವಾಧಿಕಾರಿ ಬಿದ್ದ. ಸ್ವಲ್ಪ ಕಾಲಕ್ಕೆ ಅವನ ದೇಶ ಶರಣಾಯಿತು. ಶಿಬಿರದ ಕಾವಲುಗಾರರು ಬಂದೂಕು ಬಿಸುಟು ತಮ್ಮ ತಮ್ಮ ಊರುಗಳಿಗೆ ನಡೆದರು. ಅಷ್ಟರಲ್ಲಿ ಜರ್ಮನರು ಬಂದರು. ತಾತ ಗುಡ್ಡ ಹತ್ತಿದರು.

ಗುಡ್ಡದ ಮೇಲಿನ ಕುರಿರೊಪ್ಪದಲ್ಲಿ ಅವರನ್ನು ಒಂದು ಚಳಿಗಾಲವಿಡೀ ಅಡಗಿಸಿಟ್ಟವಳು ಒಬ್ಬ ರೈತ ಹೆಂಗಸು. ತಾತ ಅವಳನ್ನು 'ಅವ್ವ' ಎಂದೇ ಕರೆದರು. ಅವಳೂ ಅದಕ್ಕೆ ಓಗೊಟ್ಟಳು. ಸೆರೆಯಾಳುಗಳಿಗೆ ಆಶ್ರಯ ಕೊಟ್ಟವರ ಮನೆಗಳನ್ನು ಸುಡುತ್ತಿದ್ದ ಕಾಲ ಅದು. ಅವಳು ಹುಲ್ಲಿನ ಹೊರೆಯೊಳಗೆ ಊಟ ಬಚ್ಚಿಟ್ಟುಕೊಂಡು ಮೇಲೆ ಬರುತ್ತಿದ್ದಳು. ಊಟವೆಂದರೆ ಮುಸುಕಿನ ಜೋಳದ ಹಿಟ್ಟನ್ನು ಗಟ್ಟಿಯಾಗಿ ಕುದಿಸಿದ ಹಳದಿ ಮುದ್ದೆ. ಮಂಡ್ಯದ ಸೀಮೆಯಲ್ಲಿ ಹುಟ್ಟಿದವರಿಗೆ ಮುದ್ದೆಯನ್ನು ಏನು ಮಾಡಬೇಕೆಂದು ಯಾರೂ ಹೇಳಿಕೊಡಬೇಕಾಗಿಲ್ಲವಷ್ಟೆ. ತಾತ ತುತ್ತು ಮುರಿದು, ಉರುಟು ಮಾಡಿ, ಅಗಿಯದೆ ನುಂಗಿದರು.

"ಆವಮ್ಮ ಎದ್ರುಕೊಂಡ್ಬುಟ್ಲು ಕಣ್ ಮೇಷ್ಟ್ರೆ! ಗಂಟ್ಲಿಗ್ ಸಿಕ್ಕಾಕೊಂಡು ಸತ್ತೋಯ್ತಾನೆ ಅಂತ ಬೆನ್ ಗುದ್ದಿದ್ದೇ ಗುದ್ದಿದ್ದು. ಜರ್ಮನಿಯೋರೂ ಅಂಗ್ ಒಡೀತಿರ್ನಿಲ್ಲ."

ಇದನ್ನು ಹೇಳುವಾಗಲೆಲ್ಲ ಅವರು ತಮ್ಮ ಬೆನ್ನನ್ನು ಮುಟ್ಟಿ ನೋಡಿಕೊಳ್ಳುತ್ತಿದ್ದರು…

ಆ ತಾಯಿಗೆ ಇಬ್ಬರು ಮಕ್ಕಳು. ಇಬ್ಬರನ್ನೂ ಆ ಸರ್ವಾಧಿಕಾರಿ ಯುದ್ಧಕ್ಕೆ ಒಯ್ದಿದ್ದ, ಹಿರಿಯವನನ್ನು ರಷ್ಯದ ಹಿಮಕ್ಕೆ, ಕಿರಿಯವನನ್ನು ಆಫ್ರಿಕದ ಮರಳಿಗೆ. ಹಿರಿಯವನ ಮಾತು ಬಂದರೆ ರೊಪ್ಪದ ಗೋಡೆಗೆ ನೇತುಹಾಕಿದ್ದ ಅವನ ಅಂಗಿಯನ್ನು ತೋರಿಸಿ ಇಲ್ಲವೆಂದು ತಲೆಯಾಡಿಸುತ್ತಿದ್ದಳು. ಕಿರಿಯವನು ಬ್ರಿಟಿಷರಿಗೆ ಸೆರೆಸಿಕ್ಕಿದ್ದ. ಅವನನ್ನು ಇಟ್ಟಿರುವ ಊರಿನ ಹೆಸರನ್ನು ಅಲ್ಲಿಯ ಪಾದ್ರಿ ಅವಳಿಗೆ ಬಾಯಿಪಾಠ ಮಾಡಿಸಿದ್ದರು. ಅದು ಬೆಂಗಳೂರು. 'ಬಂಗಲೋರೆ, ಬಂಗಲೋರೆ' ಎಂದು ಅವಳು ಕೇಳಿದಾಗ ತಾತನಿಗೆ ಮೊದಲು ನಂಬಿಕೆ ಬರಲಿಲ್ಲ. ಅದು ತಮ್ಮೂರಿಗೆ ಹತ್ತಿರ, ರೈಲು ಹತ್ತಿದರೆ ಆಯಿತು ಎಂದು ಕೈಸನ್ನೆಯಲ್ಲಿ ತಿಳಿಸಿದರು. ಆಕೆ ಅವರ ಎರಡು ಕೈಗಳನ್ನೂ ಹಿಡಿದುಕೊಂಡಳು. ಊರು ಸೇರಿದ ಮೇಲೆ ಮಗನನ್ನು ಕಂಡು ಒಂದು ಮಾತು ಹೇಳಬೇಕೆಂದು ಕೇಳಿದಳು. 'ದೊಡ್ಡವನು ಬರಲಿಲ್ಲ, ನೀನು ಬಾ' ಎಂಬುದೇ ಆ ಮಾತು. ತಾತ ಅದನ್ನು ಅವಳ ಭಾಷೆಯಲ್ಲಿಯೇ ಬಾಯಿಪಾಠ ಮಾಡಿಕೊಂಡು, ಹೇಳುತ್ತೇನೆಂದು ಮಾತು ಕೊಟ್ಟರು.

ಮಗನ ಹೆಸರು 'ಪೀಯೆಮೆ' ಎಂದು ಅವರು ತಿಳಿದಿದ್ದರು. ಆಕೆಯ ಬಾಯಲ್ಲಿ ದಿನವೂ ಕೇಳಿದ್ದು ಅದನ್ನೇ. ಊರಿನ ಹೆಸರು 'ರೋಕ'. ಅದನ್ನು ನೆನಪಿಟ್ಟುಕೊಳ್ಳುವುದು ಅವರಿಗೆ ಸುಲಭವಾಗಿತ್ತು. ಬ್ರಿಟಿಷರ ಕಾಲದಲ್ಲಿ ಪಾಂಡವಪುರದ ರೈಲು ನಿಲ್ದಾಣದ ಫಲಕದ ಮೇಲೂ 'ಫ್ರೆಂಚ್ ರಾಕ್ಸ್' ಎಂದೇ ಇತ್ತು. "ನಮ್ದೂ ರಾಕ್ಸು, ಅವ್ರದ್ದೂ ರೋಕ. ಇನ್ನೇನ್ ಮರೆಯಾದು?" ಎನ್ನುತ್ತಿದ್ದರು.

ಯುದ್ಧ ಮುಗಿದು ಊರಿಗೆ ಬಂದವರು ಮನೆಯಲ್ಲಿ ಹೆಚ್ಚು ದಿನ ನಿಲ್ಲದೆ ಬೆಂಗಳೂರಿಗೆ ಹೋದರು. ಇಟಲಿಯ ಸೆರೆಯಾಳುಗಳ ಶಿಬಿರ ಆಗಿನ್ನೂ ಖಾಲಿಯಾಗಿರಲಿಲ್ಲ. ಒಳಕ್ಕೆ ಬಿಡಲಿಲ್ಲವಾದ್ದರಿಂದ ಮುಳ್ಳುತಂತಿಯ ಬೇಲಿಯ ಹೊರಗೆ ನಿಂತು, ಆ ತಾಯಿಯ ರಾಗದಲ್ಲಿಯೇ 'ಪೀಯೆಮೆ!' ಎಂದು ಕೂಗಿದರು. ಒಬ್ಬ ತಿರುಗಿ ನೋಡಿದ. ಆಮೇಲೆ ಇನ್ನೊಬ್ಬ. ಬಟ್ಟೆ ಒಗೆಯುತ್ತಿದ್ದವರು, ನೆರಳಿನಲ್ಲಿ ಮಲಗಿದ್ದವರು ಒಬ್ಬೊಬ್ಬರಾಗಿ ಎದ್ದು ಬೇಲಿಯ ಬಳಿ ಬಂದರು. ಎಲ್ಲರೂ ಎದೆ ಮುಟ್ಟಿಕೊಂಡು 'ನಾನು, ನಾನು' ಎಂದರು. ಕೆಲವರು ನಗುತ್ತಿದ್ದರು. ಒಬ್ಬ ತಂತಿಯೊಳಗಿಂದ ಕೈ ಚಾಚಿ ತಾತನ ತೋಳು ಹಿಡಿದು ಅಳತೊಡಗಿದ. 'ರೋಕ?' ಎಂದು ಕೇಳಿದರೆ ಅವರಲ್ಲಿ ಎಷ್ಟೋ ಜನ ಹೌದೆಂದು ತಲೆಯಾಡಿಸಿದರು. ಹಿರಿಯ ಮಗನ ಸಾವಿನ ಸುದ್ದಿಯನ್ನು ಇಷ್ಟು ಜನರಲ್ಲಿ ಯಾರಿಗೆ ಹೇಳುವುದು? ಅವನಲ್ಲದವನಿಗೆ ಹೇಳಿಬಿಟ್ಟರೆ? ಅವರು ಗೊಂದಲದಲ್ಲಿ ನಿಂತಿರುವಾಗಲೇ ಕಾವಲಿನವರು ಸೀಟಿ ಊದಿ ಅಟ್ಟಿದರು. ಮತ್ತೊಮ್ಮೆ ಹೋಗುವ ವೇಳೆಗೆ ಶಿಬಿರ ಖಾಲಿಯಾಗಿತ್ತು…

ಈ ಕತೆ ಬೀದಿಯಲ್ಲಿ ಎಲ್ಲರಿಗೂ ಗೊತ್ತಿತ್ತು. ಗೊತ್ತಿದ್ದುದರಿಂದಲೇ ಯಾರೂ ಕೇಳುತ್ತಿರಲಿಲ್ಲ. ಟೀ ಅಂಗಡಿಯ ಹುಡುಗರಿಗೆ ಅದೊಂದು ತಮಾಷೆ.

"ಲೇ, ತಾತ ಬೆಂಗ್ಳೂರ್ಗೆ ಪಿ.ಎಂ.ನ ಉಡಿಕ್ಕೊಂಡ್ ಓಗಿತ್ತಂತೆ ಕಣ್ಲಾ! ಪಿ.ಎಂ. ಇರಾದು ಡೆಲ್ಲೀಲಿ ತಾತೋ, ತಪ್ ರೈಲ್ ಅತ್ಬುಟ್ಟಿದ್ದೀಯ."

"ಆಗಿನ್ನೂ ನಿಮ್ ಪಿ.ಎಂ.ಮೇ ಉಟ್ಟಿರ್ನಿಲ್ಲ, ಟೀ ಕುಡ್ಕೊಂಡ್ ಓಗ್ಲಾ" ಎಂದು ತಾತ ಗದರುತ್ತಿದ್ದರು. ಹುಡುಗರ ಜೊತೆಗೆ ತಾವೂ ನಗುತ್ತಿದ್ದರು. ಆದರೆ ಅವರು ಒಬ್ಬರೇ ಇದ್ದಾಗ ಆ ತಾಯಿಯ ಮಾತನ್ನು ಆಕೆಯ ಭಾಷೆಯಲ್ಲಿಯೇ ಮೆಲ್ಲಗೆ ಹೇಳಿಕೊಳ್ಳುತ್ತಿದ್ದುದನ್ನು ನಾನು ನನ್ನ ಕಿಟಕಿಯಿಂದ ಕೇಳುತ್ತಿದ್ದೆ. ಸಂಜೆ ಹಸುವಿಗೆ ಹುಲ್ಲು ಹಾಕುವಾಗ ಅದರ ಕಿವಿಯ ಬಳಿ ಹೇಳುತ್ತಿದ್ದರು. ಇಡೀ ಪಾಂಡವಪುರದಲ್ಲಿ ಆ ಭಾಷೆಗೆ ತಲೆಯೆತ್ತುತ್ತಿದ್ದದ್ದು ಆ ಹಸುವೊಂದೇ.

ಭಾನುವಾರಗಳಂದು ಅವರು ಬಸ್ಸು ಹತ್ತಿ ಶ್ರೀರಂಗಪಟ್ಟಣಕ್ಕೆ ಹೋಗುತ್ತಿದ್ದರು. ಬೇಸಿಗೆ ಅರಮನೆಯ ತೋಟದ ಬಾಗಿಲಲ್ಲಿ ಕುಳಿತು, ಬಂದುಹೋಗುವ ವಿದೇಶಿಯರ ಮಾತಿಗೆ ಕಿವಿಗೊಡುತ್ತಿದ್ದರು. ಬೇಸರ ಕಳೆಯಲೆಂದು ನಾನೂ ಕೆಲವು ಸಲ ಜೊತೆಗೆ ಹೋಗಿದ್ದೇನೆ. ಅಲ್ಲಿ ಟಾಂಗಾ ಹೊಡೆಯುತ್ತಿದ್ದ ಸಾಹೇಬರೊಬ್ಬರು ತಾತನಿಗೆ ಸ್ನೇಹಿತರು. ವಿದೇಶಿಯರನ್ನು ಅವರ ಬೂಟು ನೋಡಿ ಗುರುತಿಸುತ್ತೇನೆಂಬುದು ಸಾಹೇಬರ ಹೆಮ್ಮೆ.

"ಏನ್ ತಾತಾ, ಆಜ್ ಭೀ ನಿಮ್ದು ಇಟ್ಲಿಯೋರು ಬಂದಿಲ್ಲ ಕ್ಯಾ? ಅಗೋ, ಅವ್ರು ಫ್ರಾನ್ಸು. ಅವ್ರಿಗೆ ಬ್ಯಾಡ, ಬಹುತ್ ಕಂಜೂಸು" ಎನ್ನುತ್ತಿದ್ದರು.

ಕೊನೆಗೂ ಒಂದು ಭಾನುವಾರ ಆ ಸಾಹೇಬರೇ ಟಾಂಗಾ ಬಿಟ್ಟು ಓಡಿಬಂದರು. ಇಟಲಿಯ ಪ್ರವಾಸಿಗರ ಗುಂಪೊಂದು ಬಸ್ಸಿನಿಂದ ಇಳಿಯುತ್ತಿತ್ತು. ತಾತ ಎದ್ದು, ಅಂಗಿಯ ಗುಂಡಿಗಳನ್ನು ಸರಿಮಾಡಿಕೊಂಡು, ಸೈನಿಕನ ನಡಿಗೆಯಲ್ಲಿ ಹೋಗಿ ನಿಂತು ಅವರ ಭಾಷೆಯಲ್ಲಿ ಪೀಯೆಮೆಯನ್ನು ವಿಚಾರಿಸಿದರು. ಕೆಲವರು ಮುಗುಳ್ನಕ್ಕು ಮುಂದೆ ಹೋದರು. ನರೆಗೂದಲಿನ ಒಬ್ಬ ಹೆಂಗಸು ಮಾತ್ರ ನಿಂತಳು. ಇನ್ನೊಮ್ಮೆ ಹೇಳಿ ಎಂದು ಕೈಸನ್ನೆ ಮಾಡಿದಳು. ತಾತ 'ಪೀಯೆಮೆ' ಎಂದರು. ಆಕೆಯ ಮುಖದಲ್ಲಿ ಗುರುತು ಮೂಡಿತು. ನನ್ನಂತೆಯೇ ಆಕೆಗೂ ಇಂಗ್ಲಿಷು ಅಷ್ಟಕ್ಕಷ್ಟೆ. ಇಬ್ಬರ ಅರೆಬರೆ ಇಂಗ್ಲಿಷಿನಲ್ಲಿ ನನಗೆ ತಿಳಿದುಬಂದದ್ದು ಇಷ್ಟು: ಆ ಪದ ಆಕೆಯ ಅಜ್ಜಿಯ ಕಡೆಯ ಗುಡ್ಡಗಾಡಿನ ಮಾತು. ಅದು ಯಾರ ಹೆಸರೂ ಅಲ್ಲ. ಅದರ ಅರ್ಥ 'ನನ್ನ ಮಗ'. ರೋಕ ಎಂಬುದೂ ಅಷ್ಟೆ. ನಮ್ಮಲ್ಲಿ ಬಾಬುರಾಯನಕೊಪ್ಪಲಿನವರು ತಮ್ಮ ಊರನ್ನು ಬರಿಯ 'ಕೊಪ್ಪಲು' ಎನ್ನುವಂತೆ, ಆ ಬೆಟ್ಟಗಳಲ್ಲಿ ರೋಕ ಎಂದು ಆರಂಭವಾಗುವ ಊರುಗಳು ಹಲವಾರು. ಪ್ರತಿಯೊಂದು ಊರಿನವರೂ ತಮ್ಮದನ್ನು ರೋಕ ಎಂದೇ ಕರೆಯುತ್ತಾರೆ.

ನಾನು ತರಗತಿಯಲ್ಲಿ ವರ್ಷವೂ ಪಾಠ ಮಾಡುತ್ತಿದ್ದ ಭೇದವೇ ಅದು. ಊರು, ನದಿ, ಮಗ ಎಂಬುವು ಎಲ್ಲಕ್ಕೂ ಸಲ್ಲುವ ರೂಢನಾಮಗಳು. ಒಂದಕ್ಕೇ, ಒಬ್ಬನಿಗೇ ಸಲ್ಲುವುದು ಅಂಕಿತನಾಮ. ಕನ್ನಡದಲ್ಲಿ 'ನನ್ನ' ಎಂಬುದು ಮಗನಿಗಿಂತ ಮುಂದೆ ಬಂದು ನಿಲ್ಲುತ್ತದೆ. ಆ ಗುಡ್ಡದ ಮಾತಿನಲ್ಲಿ ಅದು ಮಗನ ಬೆನ್ನಿಗೆ ಅಂಟಿಕೊಂಡಿರುತ್ತದೆಯೆಂದು ತಾತನಿಗೆ ಹೊಳೆಯುವಂತಿರಲಿಲ್ಲ. ಊರು, ತಾಯಿ, ಮಗ, ಈ ಮೂರರಲ್ಲಿ ಒಂದರ ಅಂಕಿತನಾಮವೂ ಅವರ ಬಳಿ ಇರಲಿಲ್ಲ.

ಇದನ್ನು ನಾನು ತಾತನಿಗೆ ಕನ್ನಡದಲ್ಲಿ ಹೇಳಬೇಕಾಗಿತ್ತು. ಹೇಳಿದೆ. ಸಾಹೇಬರು ಕುದುರೆಯ ಕಡೆಗೆ ನಡೆದರು. ಆಮೇಲೆ ತಾತ ಆ ಹೆಂಗಸಿನ ಕಡೆಗೆ ತಿರುಗಿ, ತಾಯಿಯ ಮಾತನ್ನು ಮೊದಲಿನಿಂದ ಕೊನೆಯವರೆಗೆ ತಡವರಿಸದೆ ಒಪ್ಪಿಸಿದರು. ಆಕೆ ಕೇಳಿಸಿಕೊಂಡಳು. ಆ ತಾಯಿಯ ಹೆಸರೇನೆಂದು ನನ್ನ ಮೂಲಕ ವಿಚಾರಿಸಿದಳು.

"ಅವ್ವ" ಎಂದರು ತಾತ.

ಬಸ್ಸಿನವನು ಹಾರನ್ನು ಹೊಡೆಯುತ್ತಿದ್ದ. ಆಕೆ ತಾತನ ಕೈಯನ್ನು ಸ್ವಲ್ಪ ಹೊತ್ತು ಹಿಡಿದಿದ್ದು, ಹೋದಳು.

ಹಿಂದಿರುಗುವಾಗ ಬಸ್ಸಿನಲ್ಲಿ ಕಿಟಕಿಯ ಕಡೆಗೆ ಮುಖ ಮಾಡಿಕೊಂಡೇ ಅವರು ಹೇಳಿದರು: "ಅವತ್ತು ಬೇಲಿತಾವ ಬಂದಿದ್ರಲ್ಲ ಮೇಷ್ಟ್ರೆ, ಅವ್ರೆಲ್ಲ ಸುಳ್ ಯೋಳ್ಲಿಲ್ಲ. ಎಲ್ರೂ ಅವ್ರವ್ರ ಅವ್ವನ್ಗೆ ಮಗನೇ. ಅಷ್ಟೂ ಜನಕ್ಕೂ ಕೂಗಿ ಯೋಳ್ಬುಟ್ಟಿದ್ರೆ ಆಯ್ತಿತ್ತು… ಅವ್ನೂ ಅಲ್ಲೇ ನಿಂತಿದ್ನೋ ಏನೋ."

ಆ ಭಾನುವಾರದ ನಂತರ ಅವರು ಶ್ರೀರಂಗಪಟ್ಟಣಕ್ಕೆ ಹೋಗಲಿಲ್ಲ. ಹುಡುಗರು ಪಿ.ಎಂ. ಎಂದು ಕೆಣಕಿದರೆ ಗದರಲಿಲ್ಲ. ಹಸುವಿಗೆ ಹುಲ್ಲು ಹಾಕುವಾಗ ಕನ್ನಡವನ್ನೂ ಆಡಲಿಲ್ಲ, ಆ ಭಾಷೆಯನ್ನೂ ಆಡಲಿಲ್ಲ. ಎಷ್ಟೋ ವರ್ಷಗಳಿಂದ ಜೊತೆಗಿದ್ದ ಒಬ್ಬನನ್ನು ಕಳೆದುಕೊಂಡವರಂತೆ ಜಗಲಿಯ ಮೇಲೆ ಕೂರುತ್ತಿದ್ದರು. ನಾನು ಎದುರಿಗೆ ಕುಳಿತು ಪತ್ರಿಕೆ ಓದಿ ಹೇಳುತ್ತಿದ್ದೆ. ಅವರು 'ಊಂ' ಎನ್ನುತ್ತಿದ್ದರು. ಮರುವರ್ಷ ನನಗೆ ವರ್ಗವಾಯಿತು. ಅವರು ತೀರಿಕೊಂಡ ಸುದ್ದಿ ನನಗೆ ತಲಪಿದ್ದು ತಡವಾಗಿ, ಯಾರದೋ ಮದುವೆಯ ಪಂಕ್ತಿಯಲ್ಲಿ, ಬೇರೆ ಮಾತಿನ ನಡುವೆ…

ಗಿರಣಿಯಿಂದ ಬಂದ ಮೇಲೆ ಮನೆಯಲ್ಲಿ ಕೂರಲಾಗಲಿಲ್ಲ. ಈಗ ನಾನು ಕೆಲಸದಿಂದ ನಿವೃತ್ತನಾದವನು. ಮನೆಯಲ್ಲಿ ತಿದ್ದುವುದಕ್ಕೆ ಉತ್ತರಪತ್ರಿಕೆಗಳೂ ಇಲ್ಲ, ಮಾತಾಡುವುದಕ್ಕೆ ಜನವೂ ಇಲ್ಲ. ನಿನ್ನೆ ಪಾಂಡವಪುರದ ಬಸ್ಸು ಹತ್ತಿದೆ. ತಾತನ ಮನೆಯಿದ್ದ ಜಾಗದಲ್ಲಿ ಟ್ರಾಕ್ಟರು ಬಿಡಿಭಾಗಗಳ ಅಂಗಡಿಯಿದೆ. ಮೊಮ್ಮಗನೇ ನಡೆಸುತ್ತಾನೆ. ಅವನಿಗೂ ಕೂದಲು ನರೆಯುತ್ತಿದೆ. ನನ್ನನ್ನು ಗುರುತಿಸಿ ಕುರ್ಚಿ ಹಾಕಿಸಿದ, ಟೀ ತರಿಸಿದ.

"ತಾತ ಅದೇನೋ ಇಟ್ಲಿ ಮಾತ್ ಆಡೋದಲ್ವಾ ಸಾ? ನಮ್ ಮನೇಲಿ ಯಾರ್ಗೂ ಗ್ಯಾಪ್ಕ ಇಲ್ಲ. ನಿಮ್ಗೇನಾರ ಗೊತ್ತಾ?"

ನನಗೆ ಗೊತ್ತಿತ್ತು. ಕಿಟಕಿಯಿಂದ ಕೇಳಿ ಕೇಳಿ ಬಾಯಿಪಾಠವಾದದ್ದು. ಆ ಭಾಷೆಯ ಒಂದೇ ಒಂದು ವ್ಯಾಕರಣಸೂತ್ರವನ್ನೂ ಅರಿಯದ ನಾನು ಅದನ್ನು ಮೊದಲ ಬಾರಿಗೆ ಗಟ್ಟಿಯಾಗಿ ಹೇಳಿದೆ. ಅಂಗಡಿಯಲ್ಲಿದ್ದ ಗಿರಾಕಿಗಳು ತಿರುಗಿ ನೋಡಿದರು.

"ಅಂಗಂದ್ರೇನು ಸಾ?"

"ದೊಡ್ಡವನು ಬರಲಿಲ್ಲ, ನೀನು ಬಾ ಎಂದು."

"ಯಾರ್ನ ಸಾ, ಬಾ ಅಂದಿದ್ದು?"

"ಹೆಸರು ಗೊತ್ತಿಲ್ಲ" ಎಂದೆ.